17 ಪ್ರಕರಣ, ಆಮೇಲೆ 5 ಲಕ್ಷ: ಮಲೇರಿಯಾ ಯಾಕೆ ಮತ್ತೆ ಮತ್ತೆ ವಾಪಸ್ ಬರುತ್ತದೆ?

1963ರಲ್ಲಿ ಇಡೀ ಶ್ರೀಲಂಕಾದಲ್ಲಿ ಎಷ್ಟು ಮಲೇರಿಯಾ ಪ್ರಕರಣ ಸಿಕ್ಕವು ಗೊತ್ತಾ? ಬರೀ 17. ಅದಕ್ಕೂ ಮೂವತ್ತು ವರ್ಷ ಮುಂಚೆ, 1934-35ರಲ್ಲಿ, ಇದೇ ದ್ವೀಪದಲ್ಲಿ ಮಲೇರಿಯಾ ಸುಮಾರು 80,000 ಜನರ ಪ್ರಾಣ ತೆಗೆದಿತ್ತು. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಮನೆಮನೆಯ ಗೋಡೆಗೆ ಡಿಡಿಟಿ ಅನ್ನುವ ಕೀಟನಾಶಕ ಹೊಡೆದರು. ಜ್ವರ ಬಂದವರ ರಕ್ತ ಪರೀಕ್ಷೆ ಮಾಡಿದರು, ಮಾತ್ರೆ ಕೊಟ್ಟರು. ವರ್ಷ ಕಳೆದಂತೆ ಸಂಖ್ಯೆ ಇಳಿಯಿತು. 17ಕ್ಕೆ ಬಂದು ನಿಂತಾಗ, ಇನ್ನೇನು ಮುಗಿಯಿತು ಅಂತ ಸಿಂಪಡಣೆ ನಿಲ್ಲಿಸಿದರು. ನಿಗಾ ಸಡಿಲವಾಯಿತು. 1968-69ರ ಹೊತ್ತಿಗೆ ಪ್ರಕರಣಗಳು 5 ಲಕ್ಷ ದಾಟಿದ್ದವು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಗಾದೆ ಇದೆಯಲ್ಲ, ಮಲೇರಿಯಾ ವಿಷಯದಲ್ಲಿ ಅದಕ್ಕೊಂದು ತಿದ್ದುಪಡಿ ಬೇಕು. ಇಲ್ಲಿ ಹೊಳೆ ದಾಟಿದೆವು ಅಂದುಕೊಳ್ಳುವಾಗ ನಾವಿನ್ನೂ ನಡುನೀರಿನಲ್ಲೇ ಇರುತ್ತೇವೆ.

ಶ್ರೀಲಂಕಾ ಒಂದೇ ಹೀಗೆ ಎಡವಿದ್ದಲ್ಲ. 2012ರಲ್ಲಿ ಸಂಶೋಧಕರ ಒಂದು ತಂಡ 1930ರ ದಶಕದಿಂದ ಈಚೆಗೆ ಮಲೇರಿಯಾ ಇಳಿದು ಮತ್ತೆ ಏರಿದ ಉದಾಹರಣೆಗಳನ್ನು ಹುಡುಕಿ ಲೆಕ್ಕ ಹಾಕಿತು. 61 ದೇಶಗಳಲ್ಲಿ 75 ಉದಾಹರಣೆ ಸಿಕ್ಕವು. ಅವುಗಳಲ್ಲಿ 68ರಲ್ಲಿ ಕಾರಣಗಳ ಪಟ್ಟಿಯಲ್ಲಿ ಒಂದು ಅಂಶ ಸಾಮಾನ್ಯವಾಗಿತ್ತು: ನಿಯಂತ್ರಣದ ಕೆಲಸ ದುರ್ಬಲವಾಗಿತ್ತು. ಹಾಗೆ ದುರ್ಬಲವಾಗಲು ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಕಾರಣ ಹಣ ಕಡಿಮೆಯಾದದ್ದು. ಸೊಳ್ಳೆ ಜಾಣವಾಯಿತು, ಔಷಧ ಕೆಲಸ ಮಾಡಲಿಲ್ಲ ಅನ್ನುವುದೂ ಇತ್ತು, ಆದರೆ ಅವು ಆಮೇಲೆ.

ಮಲೇರಿಯಾ ವಿರುದ್ಧದ ಜಾಗತಿಕ ಸಹಕಾರದ ಬಗ್ಗೆ ಈಗ ಮಾತಾಡುವಾಗ ನನಗೆ ಮೊದಲು ನೆನಪಾಗುವುದು ಈ 68. ರೋಗ ಜೋರಾಗಿದ್ದಾಗ ಹಣ ಕೂಡಿಸುವುದು ಅಷ್ಟು ಕಷ್ಟವಲ್ಲ. ಇಳಿದಾಗಲೂ ಕೊಡುತ್ತಾ ಇರುವುದು ಕಷ್ಟ.

ಬೆಂಡನ್ನು ನೀರಲ್ಲಿ ಒತ್ತಿ ಹಿಡಿದ ಹಾಗೆ

ಸಿಡುಬನ್ನು 1980ರಲ್ಲಿ ಪ್ರಪಂಚದಿಂದಲೇ ಅಳಿಸಿದೆವು. ಮಲೇರಿಯಾವನ್ನು ಯಾಕೆ ಆಗಲಿಲ್ಲ ಅಂತ ಕೇಳುವವರಿದ್ದಾರೆ. ಸಿಡುಬಿಗೆ ಒಳ್ಳೆಯ ಲಸಿಕೆ ಇತ್ತು. ಒಮ್ಮೆ ರೋಗ ಬಂದು ಬದುಕಿದವರಿಗೆ ಸಾಮಾನ್ಯವಾಗಿ ಮತ್ತೆ ಬರುತ್ತಿರಲಿಲ್ಲ. ರೋಗ ಬಂದಿದೆ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮಲೇರಿಯಾದಲ್ಲಿ ಈ ಮೂರೂ ಇಲ್ಲ. ಒಬ್ಬರಿಗೆ ಹತ್ತು ಸಲ ಬೇಕಾದರೂ ಬರಬಹುದು. ರಕ್ತದಲ್ಲಿ ರೋಗಾಣು ಇದ್ದೂ ಜ್ವರ ಇಲ್ಲದೆ ಓಡಾಡುವವರಿದ್ದಾರೆ. ವೈವಾಕ್ಸ್ ಅನ್ನುವ ಬಗೆಯಂತೂ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಮ್ನೆ ಮಲಗಿದ್ದು, ಎಲ್ಲರೂ ಮರೆತ ಮೇಲೆ ಎದ್ದು ಬರುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಯುರೋಪಿನ ಬಹುಪಾಲು ಕಡೆ ಜೌಗು ನೆಲ ಒಣಗಿತು, ಮನೆಗಳು ಬದಲಾದವು, ಆಸ್ಪತ್ರೆಗಳು ಬಂದವು. ಅಲ್ಲಿ ರೋಗ ನಿಲ್ಲುವ ನೆಲೆಯೇ ಹೋಯಿತು. ಆದರೆ ಸೊಳ್ಳೆಪರದೆ, ಸಿಂಪಡಣೆ, ಮಾತ್ರೆ ಇಷ್ಟರಿಂದಲೇ ಮಲೇರಿಯಾ ಇಳಿದ ಕಡೆ ಸೊಳ್ಳೆ ಹಾಗೇ ಇದೆ, ನಿಂತ ನೀರು ಹಾಗೇ ಇದೆ, ಸಂಜೆ ಹೊರಗೆ ಕೂರುವ ಜನರೂ ಹಾಗೇ ಇದ್ದಾರೆ. ಕಡಿಮೆಯಾದದ್ದು ರೋಗಾಣು ಮಾತ್ರ. ಬೆಂಡನ್ನು ನೀರಲ್ಲಿ ಒತ್ತಿ ಹಿಡಿದ ಹಾಗೆ. ಕೈ ತೆಗೆದರೆ ಮೇಲೆ ಬರುತ್ತದೆ.

ಮೇಲೆ ಬಂದಾಗ ಮೊದಲಿಗಿಂತ ಕೆಟ್ಟದಾಗಿಯೂ ಬರಬಹುದು. ಮಲೇರಿಯಾ ಜಾಸ್ತಿ ಇರುವ ಕಡೆ ಬದುಕುಳಿದ ಮಕ್ಕಳಿಗೆ ಮತ್ತೆ ಮತ್ತೆ ಸೋಂಕು ತಗುಲಿ, ದೊಡ್ಡವರಾಗುವ ಹೊತ್ತಿಗೆ ಅರೆಬರೆ ರಕ್ಷಣೆ ಬಂದಿರುತ್ತದೆ. ಹತ್ತು ವರ್ಷ ರೋಗವೇ ಇಲ್ಲ ಅಂದರೆ ಆ ರಕ್ಷಣೆಯೂ ಹೋಗುತ್ತದೆ. ಅಲ್ಲಿಗೆ ಮತ್ತೆ ಸೋಂಕು ನುಗ್ಗಿದರೆ ದೊಡ್ಡವರೂ ಮಲಗುತ್ತಾರೆ. ಅಂದರೆ ಅರ್ಧ ಕೆಲಸ ಮಾಡಿ ಕೈಬಿಟ್ಟವರು ಆ ಊರನ್ನು ಮೊದಲಿಗಿಂತ ಹೆಚ್ಚು ಅಪಾಯದಲ್ಲಿ ಬಿಟ್ಟು ಹೋದಂತೆ. ಸಹಾಯ ನಿಲ್ಲಿಸುವ ಮಾತಾಡುವವರು ಈ ಒಂದು ವಿಷಯವನ್ನು ಲೆಕ್ಕಕ್ಕೆ ಹಿಡಿಯುವುದೇ ಅಪರೂಪ.

ಮೊದಲ ಸಲ ಸೋತದ್ದು

1955ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಪಂಚದಿಂದಲೇ ಮಲೇರಿಯಾ ಅಳಿಸುವ ಯೋಜನೆ ಶುರು ಮಾಡಿತು. ಡಿಡಿಟಿ ಮೇಲೆ ಅಷ್ಟು ನಂಬಿಕೆ ಇತ್ತು. ಕೆಲವೇ ವರ್ಷ ಗಟ್ಟಿಯಾಗಿ ಸಿಂಪಡಿಸಿ, ಸೊಳ್ಳೆಗೆ ನಿರೋಧಕ ಶಕ್ತಿ ಬರುವುದರೊಳಗೆ ರೋಗಾಣು ಮುಗಿಸಬೇಕು ಅನ್ನುವುದು ಲೆಕ್ಕಾಚಾರ. ಒಂದು ವಿಚಿತ್ರ ನೋಡಿ: ಜಾಗತಿಕ ಯೋಜನೆ ಅಂತ ಹೆಸರು, ಆದರೆ ಮಲೇರಿಯಾ ಅತಿ ಹೆಚ್ಚಿದ್ದ ಸಹಾರಾ ದಕ್ಷಿಣದ ಆಫ್ರಿಕಾದ ಬಹುಭಾಗ ಅದರಲ್ಲಿ ಇರಲೇ ಇಲ್ಲ. ಅಲ್ಲಿ ನಡೆದದ್ದು ಕೆಲವು ಪ್ರಾಯೋಗಿಕ ಪ್ರಯತ್ನಗಳಷ್ಟೇ.

ಯೋಜನೆಯಿಂದ ಪ್ರಯೋಜನವೇ ಆಗಲಿಲ್ಲ ಅಂತಲ್ಲ. ಭಾರತವನ್ನೇ ನೋಡಿ. 1947ರಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಪ್ರಕರಣ, 8 ಲಕ್ಷ ಸಾವು ಅಂತ ಅಂದಾಜಿತ್ತು. 1965ರ ಹೊತ್ತಿಗೆ ಅದು ಸುಮಾರು 1 ಲಕ್ಷ ಪ್ರಕರಣಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷ. ಅಷ್ಟರಲ್ಲಿ ಸೊಳ್ಳೆಗೆ ಡಿಡಿಟಿ ಅಭ್ಯಾಸವಾಗಿತ್ತು, ದಾನಿಗಳಿಗೆ ಬೇಸರ ಬಂದಿತ್ತು. ಅದಕ್ಕೂ ಮುಂಚೆ, 1969ರಲ್ಲೇ, ವಿಶ್ವ ಆರೋಗ್ಯ ಸಭೆ ನಿರ್ಮೂಲನೆಯ ಗುರಿಯಿಂದ ಹಿಂದೆ ಸರಿದು, ನಿರ್ಮೂಲನೆ ಆಗದ ಕಡೆ ನಿಯಂತ್ರಣವಾದರೂ ಇರಲಿ ಅಂತು. ಆಮೇಲಿನ ಎರಡು-ಮೂರು ದಶಕ ಮಲೇರಿಯಾ ಸಂಶೋಧನೆಗೂ ಬರ, ಹಣಕ್ಕೂ ಬರ.

ಎರಡನೇ ಪ್ರಯತ್ನ, ಮತ್ತು ಈಗಿನ ಬಿರುಕು

ಎರಡನೇ ಅಲೆ ಶುರುವಾದದ್ದು ಈ ಶತಮಾನದ ಹೊಸ್ತಿಲಲ್ಲಿ. 1998ರಲ್ಲಿ ರೋಲ್ ಬ್ಯಾಕ್ ಮಲೇರಿಯಾ ಒಕ್ಕೂಟ, 2000ದಲ್ಲಿ ಆಫ್ರಿಕಾದ ನಾಯಕರ ಅಬುಜಾ ಘೋಷಣೆ, 2002ರಲ್ಲಿ ಹಲವು ದೇಶಗಳ ಹಣ ಕೂಡಿಸಿ ಹಂಚುವ ಗ್ಲೋಬಲ್ ಫಂಡ್, 2005ರಲ್ಲಿ ಅಮೆರಿಕದ ಅಧ್ಯಕ್ಷರ ಹೆಸರಿನ ಮಲೇರಿಯಾ ಯೋಜನೆ. ಈ ಸಲ ಕಣ್ಣು ಆಫ್ರಿಕಾದ ಮೇಲಿತ್ತು. ಕೀಟನಾಶಕ ಲೇಪಿಸಿದ ಸೊಳ್ಳೆಪರದೆಗಳನ್ನು ಕೋಟಿಗಟ್ಟಲೆ ಹಂಚಿದರು. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ಈ ಎಲ್ಲ ಕ್ರಮಗಳಿಂದ ತಪ್ಪಿದ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸೊಳ್ಳೆಪರದೆಯಿಂದಲೇ ತಪ್ಪಿದವು ಅಂತ ಅಧ್ಯಯನವೊಂದು ಲೆಕ್ಕ ಹಾಕಿತು. ನೋಡಲು ಎಷ್ಟು ಸಾಧಾರಣ ವಸ್ತು ಅಲ್ವಾ?

2015ರ ಆಸುಪಾಸಿನಿಂದ ಇಳಿಕೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ 28.2 ಕೋಟಿ ಪ್ರಕರಣ, 6.1 ಲಕ್ಷ ಸಾವು. ಸಾವಿನಲ್ಲಿ ಶೇ 95ರಷ್ಟು ಆಫ್ರಿಕಾದ್ದು, ಅದರಲ್ಲೂ ಬಹುಪಾಲು ಐದು ವರ್ಷದೊಳಗಿನ ಮಕ್ಕಳದ್ದು. 2015ಕ್ಕೆ ಹೋಲಿಸಿ 2030ರೊಳಗೆ ಪ್ರಕರಣವನ್ನೂ ಸಾವನ್ನೂ ಶೇ 90ರಷ್ಟು ಇಳಿಸಬೇಕು ಅನ್ನುವುದು ಜಾಗತಿಕ ಗುರಿ. ಈಗಿನ ವೇಗ ನೋಡಿದರೆ ಅದು ಆಗುವ ಮಾತಲ್ಲ. 2025ರ ಹೊತ್ತಿಗೆ ವರ್ಷಕ್ಕೆ ಬೇಕು ಅಂತ ಲೆಕ್ಕ ಹಾಕಿದ್ದ ಹಣ ಸುಮಾರು 930 ಕೋಟಿ ಡಾಲರ್. 2024ರಲ್ಲಿ ಸಿಕ್ಕಿದ್ದು 390 ಕೋಟಿ.

ಇದು ಕಡಿತ ಶುರುವಾಗುವುದಕ್ಕೆ ಮುಂಚಿನ ಲೆಕ್ಕ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿಯಿತು. ಮಲೇರಿಯಾಕ್ಕೆ ಸಿಗುವ ಹಣದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಆ ಒಂದೇ ದೇಶದ್ದಾಗಿತ್ತು. ಕೆಲವು ಕೆಲಸಗಳಿಗೆ ಆಮೇಲೆ ವಿನಾಯಿತಿ ಸಿಕ್ಕಿತು, ಆದರೆ ಕೆಲಸ ಮಾಡಿಸುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಆ ವರ್ಷ ಮುಚ್ಚಿತು. ಗ್ಲೋಬಲ್ ಫಂಡ್ ಮಲೇರಿಯಾ, ಕ್ಷಯ, ಏಡ್ಸ್ ಮೂರಕ್ಕೂ ನಡೆಯುತ್ತಿದ್ದ ಅನುದಾನಗಳಿಂದ 143 ಕೋಟಿ ಡಾಲರ್ ಕಡಿತ ಮಾಡಬೇಕಾಯಿತು. ಮುಂದಿನ ಮೂರು ವರ್ಷಕ್ಕೆ 1,800 ಕೋಟಿ ಡಾಲರ್ ಕೇಳಿತ್ತು. 2025ರ ನವೆಂಬರಿನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸಿಕ್ಕ ಭರವಸೆ 1,134 ಕೋಟಿ.

ಕಡಿತ ಅಂದರೆ ಸ್ವಲ್ಪ ಕಡಿಮೆ ಕೆಲಸ ಅಂತ ಕೇಳಿಸುತ್ತದೆ. ಮಲೇರಿಯಾದಲ್ಲಿ ಹಾಗಲ್ಲ, ಯಾಕೆಂದರೆ ಇಲ್ಲಿ ಎಲ್ಲದಕ್ಕೂ ಕಾಲ ಇದೆ. ಲೇಪಿತ ಸೊಳ್ಳೆಪರದೆ ಹೆಚ್ಚೆಂದರೆ ಮೂರು ವರ್ಷ ಬಾಳುತ್ತದೆ, ಹಲವು ಕಡೆ ಅದಕ್ಕೂ ಮೊದಲೇ ಹರಿಯುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚಬೇಕು. ಸಹಾರಾದ ದಕ್ಷಿಣ ಅಂಚಿನ ದೇಶಗಳಲ್ಲಿ ಮಳೆಯ ತಿಂಗಳುಗಳಲ್ಲಿ ಮಕ್ಕಳಿಗೆ ತಿಂಗಳಿಗೊಮ್ಮೆ ಮುನ್ನೆಚ್ಚರಿಕೆಯ ಮಾತ್ರೆ ಕೊಡುತ್ತಾರೆ. 2024ರಲ್ಲಿ 5.4 ಕೋಟಿ ಮಕ್ಕಳಿಗೆ ಕೊಟ್ಟರು. ಈ ಮಾತ್ರೆ ಎರಡು ತಿಂಗಳು ತಡವಾಗಿ ಬಂದರೆ ಅದು ಎರಡು ತಿಂಗಳ ವಿಳಂಬವಲ್ಲ, ಆ ವರ್ಷವೇ ಹೋದಂತೆ. ಗದ್ದೆಗೆ ನೀರು ಬೇಕಾದಾಗ ಬಾರದೆ, ಕೊಯ್ಲಿನ ಮೇಲೆ ಬಂದರೆ ಏನು ಉಪಯೋಗ?

ಮೊದಲು ಕತ್ತರಿ ಬೀಳುವುದು ಎಲ್ಲಿ ಅನ್ನುವುದನ್ನೂ ಗಮನಿಸಬೇಕು. ಮಾತ್ರೆ, ಪರದೆ ಕಣ್ಣಿಗೆ ಕಾಣುತ್ತವೆ, ಹಾಗಾಗಿ ಅವನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಲೆಕ್ಕ ಇಡುವ, ಸಮೀಕ್ಷೆ ಮಾಡುವ, ಸೊಳ್ಳೆ ಹಿಡಿದು ಪರೀಕ್ಷಿಸುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ಬಡ ದೇಶಗಳಲ್ಲಿ ಮಕ್ಕಳ ಆರೋಗ್ಯದ ಅಂಕಿ-ಅಂಶಕ್ಕೆ ಆಧಾರವಾಗಿದ್ದ, ಅಮೆರಿಕದ ಹಣದಲ್ಲಿ ನಡೆಯುತ್ತಿದ್ದ ಮನೆಮನೆ ಸಮೀಕ್ಷೆಯ ಕಾರ್ಯಕ್ರಮ 2025ರ ಫೆಬ್ರವರಿಯಲ್ಲಿ ನಿಂತಿತು. ಬೇರೆಯವರು ಒಂದಷ್ಟು ತಾತ್ಕಾಲಿಕ ಹಣ ಕೊಟ್ಟು ಸ್ವಲ್ಪ ಉಳಿಸಿದ್ದಾರೆ. ನನ್ನ ಪ್ರಕಾರ ಪರದೆ ಕಡಿಮೆಯಾಗುವುದಕ್ಕಿಂತ ಇದು ಅಪಾಯ. ಲೆಕ್ಕ ಇಡುವವರೇ ಇಲ್ಲದಿದ್ದರೆ 17 ಎಷ್ಟು ಹೊತ್ತಿಗೆ 1,700 ಆಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಗಡಿ ಆಚೆ ಖರ್ಚು ಮಾಡಿದವರು

ಸಹಕಾರ ಅಂದರೆ ಶ್ರೀಮಂತರು ಬಡವರಿಗೆ ಕೊಡುವುದು ಅಂತಷ್ಟೇ ಅಂದುಕೊಳ್ಳುವುದು ರೂಢಿ. ದಕ್ಷಿಣ ಆಫ್ರಿಕಾದ ಲುಬೊಂಬೊ ಕಥೆ ಬೇರೆ ಹೇಳುತ್ತದೆ.

ಲುಬೊಂಬೊ ಅಂದರೆ ದಕ್ಷಿಣ ಆಫ್ರಿಕಾ, ಮೊಜಾಂಬಿಕ್ ಮತ್ತು ಈಗ ಎಸ್ವಾಟಿನಿ ಅನ್ನುವ ಸ್ವಾಜಿಲ್ಯಾಂಡ್ ಸೇರುವ ಜಾಗದ ಬೆಟ್ಟಸಾಲು. 1990ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಮಲೇರಿಯಾ ಏರುತ್ತಲೇ ಹೋಯಿತು. 2000ದಲ್ಲಿ ಆ ಒಂದೇ ಪ್ರಾಂತ್ಯದಲ್ಲಿ 40,000ಕ್ಕೂ ಹೆಚ್ಚು ಪ್ರಕರಣ. ಡಿಡಿಟಿ ಬಿಟ್ಟು ಬೇರೆ ಕೀಟನಾಶಕಕ್ಕೆ ಹೋದದ್ದೂ, ಹಳೆಯ ಮಾತ್ರೆ ಕೆಲಸ ಮಾಡದೆ ಹೋದದ್ದೂ ಇದಕ್ಕೆ ಕಾರಣ. ಅವೆರಡನ್ನೂ ಸರಿಪಡಿಸಿದರು. ಆದರೂ ಒಂದು ಉಳಿಯಿತು: ಗಡಿಯಾಚೆ ದಕ್ಷಿಣ ಮೊಜಾಂಬಿಕ್‌ನಲ್ಲಿ ರೋಗ ವಿಪರೀತ ಇತ್ತು, ಜನ ದಿನವೂ ಆಚೆ-ಈಚೆ ಓಡಾಡುತ್ತಿದ್ದರು. ನಮ್ಮ ಮನೆ ಎಷ್ಟು ಗುಡಿಸಿದರೂ ಪಕ್ಕದ ಮನೆಯ ಧೂಳು ಬರುತ್ತಿತ್ತು ಅನ್ನಿ.

1999ರಲ್ಲಿ ಮೂರು ದೇಶಗಳು ಒಪ್ಪಂದ ಮಾಡಿಕೊಂಡವು. ಮೊಜಾಂಬಿಕ್‌ನ ಮಾಪುಟೊ ಪ್ರಾಂತ್ಯದಲ್ಲಿ ಮನೆಗಳ ಒಳಗೋಡೆಗೆ ಸಿಂಪಡಣೆ ಶುರುವಾಯಿತು. ಆಮೇಲೆ ಗ್ಲೋಬಲ್ ಫಂಡ್ ಹಣವೂ ಸೇರಿತು. ಅಂದರೆ ಮಲೇರಿಯಾ ಕಡಿಮೆ ಇದ್ದ ದೇಶ, ತನ್ನ ಒಳ್ಳೆಯದಕ್ಕೇ, ಮಲೇರಿಯಾ ಜಾಸ್ತಿ ಇದ್ದ ದೇಶದ ಮನೆಗಳಿಗೆ ಔಷಧ ಹೊಡೆಸುವ ಕೆಲಸಕ್ಕೆ ಕೈಜೋಡಿಸಿತು. ಫಲಿತಾಂಶ ಮೂರೂ ಕಡೆ ಕಂಡಿತು. ಕ್ವಾಜುಲು-ನಟಾಲ್‌ನಲ್ಲಿ ಪ್ರಕರಣಗಳು ಶೇ 90ಕ್ಕಿಂತ ಹೆಚ್ಚು ಇಳಿದವು. 2011ರಲ್ಲಿ ಹಣ ಮುಗಿಯಿತು, ಯೋಜನೆಯೂ ಮುಗಿಯಿತು. ದಕ್ಷಿಣ ಮೊಜಾಂಬಿಕ್‌ನಲ್ಲಿ ಮಲೇರಿಯಾ ಮತ್ತೆ ಏರಿತು. ಕೆಲವು ವರ್ಷದ ಮೇಲೆ ಮೊಸಾಸ್ವಾ ಅನ್ನುವ ಹೊಸ ಹೆಸರಿನಲ್ಲಿ ಅದೇ ಮೂರು ದೇಶ ಅದೇ ಕೆಲಸ ಮತ್ತೆ ಶುರು ಮಾಡಬೇಕಾಯಿತು. ಒಂದೇ ಗೋಡೆಯನ್ನು ಎರಡು ಸಲ ಕಟ್ಟಿದ ಹಾಗೆ.

ಔಷಧಕ್ಕೆ ಬಗ್ಗದ ರೋಗಾಣುವಿನ ವಿಷಯದಲ್ಲಿ ಪಕ್ಕದ ಮನೆ ಅಂದರೆ ಇಡೀ ಪ್ರಪಂಚ. ಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆಗೆ ಬಗ್ಗದ ರೋಗಾಣು 1950ರ ದಶಕದ ಕೊನೆಯಲ್ಲಿ ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲೂ ದಕ್ಷಿಣ ಅಮೆರಿಕದಲ್ಲೂ ಕಾಣಿಸಿಕೊಂಡಿತು. ಏಷ್ಯಾದ ತಳಿ 1970ರ ದಶಕದ ಕೊನೆಗೆ ಪೂರ್ವ ಆಫ್ರಿಕಾ ತಲುಪಿತು. ಆಮೇಲೆ ಅಲ್ಲಿ ಸತ್ತ ಮಕ್ಕಳ ಸಂಖ್ಯೆ ಲಕ್ಷಗಳಲ್ಲಿದೆ. ಅದರ ಜಾಗಕ್ಕೆ ಬಂದದ್ದು ಆರ್ಟೆಮಿಸಿನಿನ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರ ಮೇ 23ರಂದು ಚೀನಾ ಗುಟ್ಟಾಗಿ ಶುರು ಮಾಡಿದ 523 ಹೆಸರಿನ ಯೋಜನೆಯಲ್ಲಿ ಸಿಕ್ಕ ಔಷಧ. ಅದನ್ನು ಕಂಡುಹಿಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಇದಕ್ಕೂ ಬಗ್ಗದ ಲಕ್ಷಣ 2008ರ ಹೊತ್ತಿಗೆ ಪಶ್ಚಿಮ ಕಾಂಬೋಡಿಯಾದಲ್ಲೇ ಕಂಡಿತು.

ಈ ಸಲ ಪ್ರಪಂಚ ಬೇಗ ಎಚ್ಚೆತ್ತಿತು. ಮೆಕಾಂಗ್ ನದಿಯ ಐದು ದೇಶಗಳಿಗೆ ಗ್ಲೋಬಲ್ ಫಂಡ್ ವಿಶೇಷ ಹಣ ಕೊಟ್ಟಿತು. ಕಾಡಿನಂಚಿನ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ ಮಾತ್ರೆ ಕೊಡಲು ಸ್ವಯಂಸೇವಕರನ್ನು ತಯಾರು ಮಾಡಿದರು. 2018ರಿಂದ ಕಾಂಬೋಡಿಯಾದಲ್ಲಿ ಮಲೇರಿಯಾದಿಂದ ಸಾವೇ ದಾಖಲಾಗಿಲ್ಲ. ಆದರೆ 2021ರ ಸೇನಾ ದಂಗೆಯ ನಂತರ ಮ್ಯಾನ್ಮಾರ್‌ನಲ್ಲಿ ಪ್ರಕರಣ ಏರಿದವು, ಗಡಿಯಾಚೆ ಥಾಯ್ಲೆಂಡಿನಲ್ಲೂ ಅದರ ಬಿಸಿ ತಟ್ಟಿತು. ಇನ್ನೊಂದು ಕಡೆ ಆಫ್ರಿಕಾದ ರುವಾಂಡಾ, ಉಗಾಂಡಾ, ಟಾಂಜಾನಿಯಾ, ಎರಿಟ್ರಿಯಾಗಳಲ್ಲಿ ಆರ್ಟೆಮಿಸಿನಿನ್‌ಗೆ ಅರೆಬರೆ ಬಗ್ಗದ ರೋಗಾಣು ಹುಟ್ಟಿಕೊಂಡಿದೆ. ಅದು ಏಷ್ಯಾದಿಂದ ಬಂದದ್ದಲ್ಲ, ಅಲ್ಲೇ ಹುಟ್ಟಿದ್ದು.

ಸಾಲದೆಂಬಂತೆ ಸೊಳ್ಳೆಯೂ ಊರು ಬದಲಿಸಿದೆ. ಅನಾಫಿಲಿಸ್ ಸ್ಟೆಫೆನ್ಸಿ ದಕ್ಷಿಣ ಏಷ್ಯಾದ ಸೊಳ್ಳೆ, ನಗರದ ನೀರಿನ ತೊಟ್ಟಿಗಳಲ್ಲಿ ಆರಾಮಾಗಿ ಬೆಳೆಯುತ್ತದೆ. 2012ರಲ್ಲಿ ಇದು ಆಫ್ರಿಕಾದ ಜಿಬೂಟಿಯಲ್ಲಿ ಸಿಕ್ಕಿತು. ಆ ವರ್ಷ ಜಿಬೂಟಿಯಲ್ಲಿ 27 ಪ್ರಕರಣ ಇದ್ದವು. 2020ರಲ್ಲಿ 73,000 ದಾಟಿದವು. ಮಲೇರಿಯಾ ಹಳ್ಳಿಯ ರೋಗ ಅಂತ ನಂಬಿದ್ದ ಖಂಡದಲ್ಲಿ ಈಗ ನಗರಗಳೂ ಹೆದರಬೇಕಾಗಿದೆ.

ಲಸಿಕೆ ಬಂತಲ್ಲ?

ಬಂತು, ಎರಡು ಬಂದವು. ಆರ್‌ಟಿಎಸ್,ಎಸ್ ಲಸಿಕೆಗೆ 2021ರಲ್ಲಿ, ಆರ್21ಕ್ಕೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಎರಡನೆಯದನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿತು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ, ಪ್ರಯೋಗ ನಡೆದದ್ದು ಆಫ್ರಿಕಾದ ಮಕ್ಕಳಲ್ಲಿ. ಸಹಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಘಾನಾ, ಕೆನ್ಯಾ, ಮಲಾವಿಗಳಲ್ಲಿ ಮೊದಲ ಲಸಿಕೆ ಕೊಟ್ಟು ನೋಡಿದಾಗ, ಲಸಿಕೆಯ ವಯಸ್ಸಿನ ಮಕ್ಕಳ ಒಟ್ಟು ಸಾವು ಶೇ 13ರಷ್ಟು ಇಳಿಯಿತು. ಇದು ದೊಡ್ಡ ಸಂಖ್ಯೆಯೇ.

ಆದರೆ ಈ ಲಸಿಕೆ ಸಿಡುಬಿನ ಲಸಿಕೆಯಂಥದ್ದಲ್ಲ. ನಾಲ್ಕು ಡೋಸ್ ಬೇಕು, ರಕ್ಷಣೆ ಕಾಲಕ್ರಮೇಣ ಕಡಿಮೆಯಾಗುತ್ತದೆ. ಪರದೆ, ಮಾತ್ರೆ, ಪರೀಕ್ಷೆಯ ಜೊತೆಗೆ ಇದೂ ಒಂದು. ಲಸಿಕೆ ಬಂದಿದೆಯಲ್ಲ, ಇನ್ನು ಪರದೆಗೆ ಯಾಕೆ ದುಡ್ಡು ಅಂತ ಯಾರಾದರೂ ಹಣಕಾಸು ಮಂತ್ರಿ ಕೇಳಿದರೆ, ಡಿಡಿಟಿ ಕಾಲದ ತಪ್ಪನ್ನೇ ಮತ್ತೆ ಮಾಡಿದಂತೆ.

ಕೊನೆಯ ಪ್ರಕರಣದ ಖರ್ಚು

ಇಷ್ಟೆಲ್ಲದರ ನಡುವೆಯೂ ಮಲೇರಿಯಾ ಮುಗಿಸಿದ ದೇಶಗಳಿವೆ. ಸತತ ಮೂರು ವರ್ಷ ಸ್ಥಳೀಯವಾಗಿ ಹರಡಿದ ಒಂದೂ ಪ್ರಕರಣ ಇರದಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ. 2021ರಲ್ಲಿ ಚೀನಾ ಮತ್ತು ಎಲ್ ಸಾಲ್ವಡಾರ್, 2024ರಲ್ಲಿ ಕೇಪ್ ವರ್ಡ್ ಮತ್ತು ಈಜಿಪ್ಟ್, 2025ರಲ್ಲಿ ಜಾರ್ಜಿಯಾ, ಸುರಿನಾಮ್, ಟಿಮೋರ್-ಲೆಸ್ಟೆ ಇದನ್ನು ಪಡೆದವು. ಈಜಿಪ್ಟಿನ ಮಮ್ಮಿಗಳಲ್ಲೂ ಮಲೇರಿಯಾದ ಗುರುತು ಸಿಕ್ಕಿದೆ ಅಂದರೆ ಆ ದೇಶಕ್ಕೆ ಇದು ಎಷ್ಟು ಹಳೆಯ ಸಂಗಾತಿ ಅಂತ ಯೋಚಿಸಿ.

ಚೀನಾ ಪಾಲಿಸಿದ ಕ್ರಮಕ್ಕೆ 1-3-7 ಅಂತ ಹೆಸರು. ಒಂದು ಪ್ರಕರಣ ಸಿಕ್ಕರೆ 1 ದಿನದೊಳಗೆ ವರದಿ, 3 ದಿನದೊಳಗೆ ಎಲ್ಲಿಂದ ಬಂತು ಅನ್ನುವ ತನಿಖೆ, 7 ದಿನದೊಳಗೆ ಸುತ್ತಮುತ್ತ ಹರಡದಂತೆ ಕ್ರಮ. ಒಬ್ಬ ರೋಗಿಯ ಹಿಂದೆ ಒಂದು ತಂಡವೇ ಓಡಬೇಕು. ಲಕ್ಷ ಪ್ರಕರಣ ಇದ್ದಾಗ ತಲೆಗೆ ಬೀಳುವ ಖರ್ಚಿಗೂ ಹತ್ತು ಪ್ರಕರಣ ಇದ್ದಾಗ ಬೀಳುವ ಖರ್ಚಿಗೂ ಅಜಗಜಾಂತರ. ಬಜೆಟ್ ನೋಡುವವರಿಗೆ ಇದು ದಂಡವಾಗಿ ಕಾಣುತ್ತದೆ. ದಾನಿಗಳಿಗೂ ಅಷ್ಟೇ. ಸಾವು ಜಾಸ್ತಿ ಇರುವ ಕಡೆ ಹಣ ಹೋಗಲಿ ಅನ್ನುವ ಅವರ ವಾದವನ್ನು ತಪ್ಪು ಅನ್ನಲಾಗದು. ಹಾಗಂತ ಇಳಿಸಿದ ದೇಶಕ್ಕೆ ಶಿಕ್ಷೆ ಕೊಟ್ಟಂತೆ ಆಗಬಾರದಲ್ಲ.

ಅದಕ್ಕೇ ನನಗೆ ಅನ್ನಿಸುವುದು, ಹೊರಗಿನ ಹಣ ಎಂದಾದರೂ ನಿಲ್ಲುತ್ತದೆ ಅಂತಲೇ ಮೊದಲ ದಿನದಿಂದ ಲೆಕ್ಕ ಹಾಕಬೇಕು. ಪರದೆ, ಲಸಿಕೆ, ಹೊಸ ಔಷಧದ ಸಂಶೋಧನೆಗೆ ಹೊರಗಿನಿಂದ ಬರಲಿ. ರಕ್ತ ಪರೀಕ್ಷೆ ಮಾಡುವವರ, ಲೆಕ್ಕ ಇಡುವವರ, ಸೊಳ್ಳೆ ನೋಡುವವರ ಸಂಬಳವಾದರೂ ಆಯಾ ದೇಶದ ಬೊಕ್ಕಸದಿಂದ ಬರಬೇಕು. ಆಫ್ರಿಕಾದ ಸರ್ಕಾರಗಳು 2001ರಲ್ಲಿ ಅಬುಜಾದಲ್ಲಿ ಬಜೆಟ್ಟಿನ ಶೇ 15ರಷ್ಟು ಆರೋಗ್ಯಕ್ಕೆ ಇಡುತ್ತೇವೆ ಅಂದಿದ್ದವು. ಆ ಮಾತು ಉಳಿಸಿಕೊಂಡವರು ಬೆರಳೆಣಿಕೆಯಷ್ಟು. ಸಾಲದ ಬಡ್ಡಿ ಕಟ್ಟಿಯೇ ಸುಸ್ತಾದ ಸರ್ಕಾರಗಳಿಗೆ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಅನ್ನುವುದೂ ನಿಜ.

ಶ್ರೀಲಂಕಾದ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಆ ದೇಶ ಅಂತರ್ಯುದ್ಧದ ನಡುವೆಯೂ ಮತ್ತೆ ಮೊದಲಿನಿಂದ ಶುರು ಮಾಡಿತು. ಗ್ಲೋಬಲ್ ಫಂಡ್ ಹಣ ಬಂತು. ಸ್ಥಳೀಯವಾಗಿ ಹರಡಿದ ಕೊನೆಯ ಪ್ರಕರಣ 2012ರ ಅಕ್ಟೋಬರಿನದ್ದು. 2016ರ ಸೆಪ್ಟೆಂಬರಿನಲ್ಲಿ ಪ್ರಮಾಣಪತ್ರ ಸಿಕ್ಕಿತು. ಈ ಸಲ ಮಲೇರಿಯಾ ವಿಭಾಗವನ್ನು ಮುಚ್ಚಲಿಲ್ಲ. ಆಫ್ರಿಕಾದಲ್ಲಿ ಶಾಂತಿಪಾಲನೆ ಮುಗಿಸಿ ಬರುವ ಸೈನಿಕರ ರಕ್ತ ಪರೀಕ್ಷೆ ಮಾಡುತ್ತಾರೆ. ಸೊಳ್ಳೆ ಹಿಡಿದು ಗುರುತಿಸುವವರ ಕೆಲಸವೂ ನಡೆಯುತ್ತಿದೆ. ಪ್ರಮಾಣಪತ್ರ ಸಿಕ್ಕಿ ಮೂರು ತಿಂಗಳಿಗೆ, 2016ರ ಡಿಸೆಂಬರಿನಲ್ಲಿ, ಮನ್ನಾರ್ ದ್ವೀಪದ ಬಾವಿಗಳಲ್ಲಿ ಅವರಿಗೆ ಅದುವರೆಗೆ ಆ ದೇಶದಲ್ಲಿ ಕಾಣದ ಒಂದು ಸೊಳ್ಳೆಯ ಮರಿಗಳು ಸಿಕ್ಕವು. ಅದೇ ಸ್ಟೆಫೆನ್ಸಿ. ಆಗ ದೇಶದಲ್ಲಿ ಸ್ಥಳೀಯ ಮಲೇರಿಯಾ ಪ್ರಕರಣ ಸೊನ್ನೆ. ಆದರೂ ಬಾವಿಗೆ ಇಣುಕಿ ನೋಡುವವರು ಇನ್ನೂ ಸಂಬಳದ ಪಟ್ಟಿಯಲ್ಲಿದ್ದರು.